ಗುಡುಗುಡಿ ಹಾಡು ಕಟ್ಟಿದ ಮಾಸ್ತರರು

ಗಿಟಾರಿನ ಜೊತೆ ಹಾಡಿದ ಗುಡುಗುಡಿ ಹಾಡನ್ನು ನಮ್ಮ ಕಾಲೇಜಿನಲ್ಲಿ ಕೇಳದವರು ಕಡಿಮೆ. ಇಂಡಿಯಿಂದ ಬರುವ ಟಂಟಂನಲ್ಲಿ ಅದೇ, ಬಸವನ ಬಾಗೇವಾಡಿಯ ಮದುವೆ ಆರ್ಕೆಸ್ಟ್ರಾದಲ್ಲಿ ಅದೇ, ಗ್ಯಾದರಿಂಗ್ ಬಂದರೆ ವೇದಿಕೆಯ ಮೇಲೂ ಅದೇ. ಆದರೆ ಅದನ್ನು ಕಟ್ಟಿದವರು ಯಾರೆಂದು ನಮ್ಮ ತರಗತಿಯಲ್ಲಿ ಕೇಳಿದರೆ ಹೆಚ್ಚಿನವರು ಹಾಡಿದ ಬ್ಯಾಂಡಿನ ಹೆಸರು ಹೇಳಿದರು. ಒಬ್ಬ ಗೆಳೆಯ ಅದು ಊರೂರಿನ ಗುಡಿಗಳನ್ನು ಸುತ್ತಿ ನೋಡು ಎನ್ನುವ ಹಾಡೆಂದು ತಿಳಿದಿದ್ದ. ಅವನ ಕಿವಿಗೆ ಗುಡುಗುಡಿ ಎಂಬುದು ಗುಡಿಗುಡಿ ಎಂದು ಬಿದ್ದಿತ್ತು. ಇನ್ನೊಬ್ಬಳಿಗೆ ಅದು ಮಳೆಗಾಲದ ಗುಡುಗು. ಮೂರನೆಯವನಿಗೆ ಪದ ಸರಿಯಾಗಿಯೇ ಕೇಳಿಸಿದೆ. ಗುಡುಗುಡಿ ಎಂದರೆ ಹುಕ್ಕಾ, ಆದ್ದರಿಂದ ಇದು ನಶೆ ಮಾಡುವವರ ಹಾಡು, ಮುಸ್ಲಿಂ ಆಡಳಿತದ ಕಾಲೇಜಿನಲ್ಲಿ ಇದನ್ನು ಹಾಡಬಾರದು, ಈ ಸಲದ ಗ್ಯಾದರಿಂಗ್ ಪಟ್ಟಿಯಿಂದ ತೆಗೆಯಬೇಕು ಎಂದು ಅವನ ವಾದ. ಮೂವರಲ್ಲಿ ಪದವನ್ನು ಸರಿಯಾಗಿ ಕೇಳಿಸಿಕೊಂಡವನೇ ಹಾಡಿನಿಂದ ಹೆಚ್ಚು ದೂರ ಹೋಗಿದ್ದಾನೆ ಎಂದು ನನಗೆ ಅನ್ನಿಸಿತು. ಅದಕ್ಕೇ ಆ ಹಾಡು ಕಟ್ಟಿದವರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅವರು ಒಬ್ಬ ಮುಸ್ಲಿಂ ಮನೆಯ ಮಗ, ಕನ್ನಡ ಶಾಲೆಯ ಮಾಸ್ತರು.

ಮಹಮ್ಮದ ಶರೀಫರು ಹುಟ್ಟಿದ್ದು 1819ರಲ್ಲಿ, ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ. ಆಗ ಅದು ಧಾರವಾಡ ಸೀಮೆ, ಈಗ ಹಾವೇರಿ ಜಿಲ್ಲೆ. ಪೇಶ್ವೆಗಳ ಆಳ್ವಿಕೆ ಮುಗಿದು ಆ ನಾಡು ಇಂಗ್ಲಿಷರ ಕೈಗೆ ಬಂದು ಒಂದೆರಡು ವರ್ಷವಾಗಿತ್ತಷ್ಟೆ. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಖಾದರಿ ಸಂತರ ಆಶೀರ್ವಾದದಿಂದ ಹುಟ್ಟಿದ ಮಗು ಎಂದು ಆ ಕಡೆಯ ಜನ ಇಂದಿಗೂ ಹೇಳುತ್ತಾರೆ. ಇಮಾಮ ಸಾಹೇಬರು ಮಗನಿಗೆ ಮನೆಯ ದೀನಿ ಪಾಠದ ಜೊತೆಗೆ ರಾಮಾಯಣ, ಮಹಾಭಾರತದ ಕಥೆಗಳನ್ನೂ ಅಲ್ಲಮಪ್ರಭುವಿನ ವಚನಗಳನ್ನೂ ಕೇಳಿಸಿದರು. ಇದನ್ನು ಓದಿ ನಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯಿಂದ ದಿನಾ ಬಸ್ಸು ಹತ್ತಿ ಬರುವ ನಮ್ಮ ಮುಸ್ಲಿಂ ಗೆಳತಿಯರಿಗೆ ವಚನಗಳು ಬಾಯಿಪಾಠ ಇವೆ, ಅದಕ್ಕೆ ಯಾರೂ ಆಶ್ಚರ್ಯಪಡುವುದಿಲ್ಲ.

ಮುಲ್ಕಿ ಪರೀಕ್ಷೆ ಮುಗಿಸಿ ಶರೀಫರು ಸುತ್ತಲಿನ ಹಳ್ಳಿಗಳಲ್ಲಿ ಮಾಸ್ತರಿಕೆ ಮಾಡಿದರು. ನೌಕರಿಯಲ್ಲಿ ಮನಸ್ಸು ನಿಲ್ಲಲಿಲ್ಲ, ಬಿಟ್ಟರು. ಕುಂದಗೋಳದ ಫಾತಿಮಾ ಅವರ ಜೊತೆ ಮದುವೆಯಾಯಿತು. ಒಂದು ಹೆಣ್ಣು ಮಗು ಹುಟ್ಟಿ ತೀರಿಕೊಂಡಿತು, ಸ್ವಲ್ಪ ಕಾಲದಲ್ಲೇ ಹೆಂಡತಿಯೂ ತೀರಿಕೊಂಡರು. ಆ ದುಃಖದಲ್ಲಿ ಕಟ್ಟಿದ್ದೆಂದು ಹೇಳುವ ಪದವೂ ಇದೆ. ಮತ್ತೆ ಅವರು ಸಂಸಾರ ಹೂಡಲಿಲ್ಲ.

ಅವರ ಬದುಕನ್ನು ತಿರುಗಿಸಿದವರು ಕಳಸದ ಗೋವಿಂದ ಭಟ್ಟರು. ಬ್ರಾಹ್ಮಣರಾಗಿದ್ದೂ ಮಡಿ ಮೈಲಿಗೆಯ ಹಂಗಿಲ್ಲದೆ ಯಾರ ಮನೆಯಲ್ಲಾದರೂ ಉಣ್ಣುತ್ತಿದ್ದ ಮನುಷ್ಯ. ಅವರು ಶರೀಫರನ್ನು ಶಿಷ್ಯನಾಗಿ ಸ್ವೀಕರಿಸಿದಾಗ ಅಗ್ರಹಾರದಲ್ಲಿ ಗದ್ದಲವಾಯಿತು, ಮುಸ್ಲಿಮರಲ್ಲೂ ಗೊಣಗಾಟ ನಡೆಯಿತು. ತಮ್ಮ ಜನಿವಾರವನ್ನೇ ಶಿಷ್ಯನ ಕೊರಳಿಗೆ ಹಾಕಿ ಭಟ್ಟರು ಆ ಬಾಯಿಗಳನ್ನು ಮುಚ್ಚಿಸಿದರೆಂಬ ಕಥೆ ಪ್ರಸಿದ್ಧ. ಶರೀಫರು ಕೊನೆಗೆ ಯಾವ ಮತದವರು ಎಂದು ವಾದ ಮಾಡುವವರು ನಮ್ಮ ಓಣಿಯಲ್ಲೂ ಇದ್ದಾರೆ. ನನಗೆ ಆ ವಾದದಲ್ಲಿ ಆಸಕ್ತಿ ಇಲ್ಲ. ಕೊರಳಲ್ಲಿ ಗುರು ಹಾಕಿದ ದಾರ ಇದ್ದ ಕಾಲದಲ್ಲೇ ಅವರು ಮೊಹರಮ್ಮಿಗೆ ಕರ್ಬಲಾದ ಪದ ಕಟ್ಟುತ್ತಿದ್ದರು. ನನಗೆ ಅಷ್ಟು ಸಾಕು.

ತಮ್ಮ ಪದಗಳ ಕೊನೆಯಲ್ಲಿ ಅವರು ಹೆಚ್ಚಾಗಿ ಇಟ್ಟುಕೊಂಡದ್ದು ಊರ ದೇವರ ಹೆಸರನ್ನು, ಶಿಶುನಾಳಧೀಶ ಎಂದು. ಇಲ್ಲವೆಂದರೆ ಗುರು ಗೋವಿಂದನ ಹೆಸರನ್ನು. ತಮ್ಮ ಹೆಸರನ್ನು ಹಿಂದಿಟ್ಟರು. ಬರೆದವರು ಯಾರೆಂದು ನಮ್ಮ ತರಗತಿಗೆ ತಿಳಿಯದೆ ಹೋದದ್ದರಲ್ಲಿ ಅವರದೂ ಸ್ವಲ್ಪ ಪಾಲಿದೆ ಎಂದು ತಮಾಷೆಗೆ ಹೇಳಬಹುದು. ಪದಗಳನ್ನು ಪುಸ್ತಕ ಮಾಡಿ ಅಚ್ಚು ಹಾಕಿಸುವ ಗೋಜಿಗೂ ಅವರು ಹೋಗಲಿಲ್ಲ. ಕಂಡದ್ದರ ಮೇಲೆ ಕಟ್ಟಿದರು, ಹಾಡಿದರು, ಮುಂದೆ ನಡೆದರು. ಕೇಳಿದವರು ಬಾಯಿಪಾಠ ಮಾಡಿಕೊಂಡರು. ಏಕತಾರಿ, ದಮ್ಮಡಿ, ತಾಳ ಹಿಡಿದ ಭಜನೆ ಮೇಳಗಳು ಊರಿಂದ ಊರಿಗೆ ಅವನ್ನು ಒಯ್ದವು. ನಮ್ಮ ದೇಶದಲ್ಲಿ ಗ್ರಾಮಫೋನ್ ರೆಕಾರ್ಡಿಂಗ್ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಶರೀಫರು ತೀರಿಕೊಂಡದ್ದು 1889ರಲ್ಲಿ. ಹದಿಮೂರು ವರ್ಷದ ಅಂತರದಲ್ಲಿ ಅವರ ದನಿ, ಅವರದೇ ಧಾಟಿ ನಮಗೆ ಸಿಗದೆ ಹೋಯಿತು.

ಹೀಗಾಗಿ ಇವತ್ತು ಯಾರು ಹಾಡಿದರೂ ಅದು ಇನ್ನೊಬ್ಬರಿಂದ ಕೇಳಿದ ಹಾಡೇ. ಕ್ಯಾಸೆಟ್ಟಿನ ಕಾಲದಲ್ಲಿ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರ ಪದಗಳನ್ನು ಆರಿಸಿ ಕೊಟ್ಟರು, ಸಿ. ಅಶ್ವತ್ಥ್ ರಾಗ ಹಾಕಿದರು. ಶಿವಮೊಗ್ಗ ಸುಬ್ಬಣ್ಣನವರ ದನಿಯಲ್ಲಿ ಕೋಡಗನ ಹಾಡು ಮನೆಮನೆಗೆ ಹೋಯಿತು. 1990ರಲ್ಲಿ ನಾಗಾಭರಣರ ಸಂತ ಶಿಶುನಾಳ ಶರೀಫ ಸಿನಿಮಾ ಬಂತು. ಅದರಲ್ಲಿ ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು. ಸಂಗೀತ ಮತ್ತೆ ಅಶ್ವತ್ಥರದೇ. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಆ ಸಿನಿಮಾಕ್ಕೆ ಸಿಕ್ಕಿತು. ಅಲ್ಲಿಂದ ಮುಂದೆ ಅಶ್ವತ್ಥರ ಧಾಟಿಯೇ ಶರೀಫರ ಮೂಲ ಧಾಟಿ ಎಂದು ಜನ ತಿಳಿದರು. ಭಜನೆ ಮೇಳದವರು ಕೂಡ ತಮ್ಮ ಅಜ್ಜಂದಿರ ಧಾಟಿ ಬಿಟ್ಟು ಕ್ಯಾಸೆಟ್ಟಿನಂತೆ ಹಾಡತೊಡಗಿದರು. ಆಮೇಲೆ ಮೈಸೂರಿನಲ್ಲಿ ಬೆಳೆದ, ಭರತನಾಟ್ಯ ಕಲಿತ, ಮೈಕ್ರೋಬಯಾಲಜಿ ಓದಿದ ರಘು ದೀಕ್ಷಿತ್ ತಮ್ಮ ಬ್ಯಾಂಡ್ ಕಟ್ಟಿ 2008ರ ಮೊದಲ ಆಲ್ಬಮ್ಮಿನಲ್ಲಿ ಗುಡುಗುಡಿ ಹಾಡಿದರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವಿಲಾಯತಿಯ ವೇದಿಕೆಗಳ ತನಕ ಹೋದರು. ನಮ್ಮ ವಯಸ್ಸಿನವರಿಗೆ ಈಗ ಅದೇ ಮೂಲ.

ಇಂಥದ್ದು ಹೊರಗಿನ ಲೋಕದಲ್ಲೂ ಆಗಿದೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಅಮೆರಿಕದ ಗಾಯಕ 1973ರಲ್ಲಿ ಒಂದು ಹಾಡು ಬರೆದು ಹಾಡಿದ, ಹೆಚ್ಚು ಜನ ಕೇಳಲಿಲ್ಲ. 1976ರಲ್ಲಿ ಮ್ಯಾನ್‌ಫ್ರೆಡ್ ಮ್ಯಾನ್ಸ್ ಅರ್ಥ್ ಬ್ಯಾಂಡ್ ಅದನ್ನೇ ರಾಕ್ ಮಾಡಿ ಹಾಡಿತು, ಮರುವರ್ಷ ಅದು ಅಮೆರಿಕದ ಮೊದಲ ಸ್ಥಾನಕ್ಕೆ ಏರಿತು. ಅದರಲ್ಲಿ 1932ರ ಫೋರ್ಡ್ ಕಾರಿನ ಅಡ್ಡಹೆಸರೊಂದು ಬರುತ್ತದೆ. ಲಕ್ಷಾಂತರ ಜನರಿಗೆ ಅದು ಬೇರೊಂದು ಮುಜುಗರದ ಪದವಾಗಿ ಕೇಳಿಸಿತು, ಇನ್ನೂ ಹಾಗೇ ಕೇಳಿಸುತ್ತಿದೆ. ಆದರೆ ಅಲ್ಲಿ ಬರೆದವನು ಇದ್ದಾನೆ, ಮೂಲದ ರೆಕಾರ್ಡು ಇದೆ, ಜಗಳ ಬಂದರೆ ಹಾಕಿ ಕೇಳಬಹುದು. ಶರೀಫರ ವಿಷಯದಲ್ಲಿ ಆ ದಾರಿ ಇಲ್ಲ. ಪದದ ಅರ್ಥ ಗೊತ್ತಿರುವವರನ್ನು ಹುಡುಕಿಕೊಂಡು ಹೋಗಬೇಕು. ಅಂಥವರು ಬೆಂಗಳೂರಿಗಿಂತ ನಮ್ಮ ಮುದ್ದೇಬಿಹಾಳ, ಸಿಂದಗಿಯ ಹಳ್ಳಿಗಳಲ್ಲೇ ಹೆಚ್ಚು ಸಿಗುತ್ತಾರೆ.

ಮನೆಯ ಮಾಳಿಗಿ ಸೋರುವ ಪದವನ್ನೇ ನೋಡಿ. ದಕ್ಷಿಣದ ಊರುಗಳಲ್ಲಿ ಬೆಳೆದವರಿಗೆ ಮಾಳಿಗೆ ಎಂದರೆ ಮಹಡಿ, ಮೇಲಿನ ಅಂತಸ್ತು. ಶ್ರೀಮಂತನ ಮಹಡಿ ಮನೆ ಸೋರುತ್ತಿದೆ ಎಂದು ಅವರು ಚಿತ್ರ ಕಟ್ಟಿಕೊಳ್ಳುತ್ತಾರೆ. ನಮಗೆ ಮಾಳಿಗಿ ಎಂದರೆ ಮಣ್ಣಿನ ಮೇಲ್ಛಾವಣಿ. ಕೆಳಗೆ ತೊಲಿ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ತುಂಡು, ಎಲ್ಲದರ ಮೇಲೆ ತುಳಿದು ಬಿಗಿ ಮಾಡಿದ ಸವಳು ಮಣ್ಣು. ಮಳೆಗಾಲಕ್ಕೆ ಮೊದಲು ಮೇಲೆ ಹತ್ತಿ ಬಿರುಕು ಮುಚ್ಚದಿದ್ದರೆ ಒಳಗೆ ಹಾಸಿಗೆ ಹಾಸಲು ಜಾಗ ಉಳಿಯುವುದಿಲ್ಲ, ಪಾತ್ರೆಗಳನ್ನೆಲ್ಲ ಸೋರುವಲ್ಲಿ ಇಡಬೇಕು. ಪದದಲ್ಲಿ ಬರುವ ಜಂತಿಯನ್ನು ನಮ್ಮದೇ ತರಗತಿಯ ಒಬ್ಬಳು, ಮುದ್ದೇಬಿಹಾಳದ ಆರ್‌ಸಿಸಿ ಮನೆಯವಳು, ಜಂತು ಎಂದು ಹಾಡುತ್ತಿದ್ದಳು. ಹಿಂದೆ ಹುಳುಕು ಎಂಬ ಮಾತು ಇರುವುದರಿಂದ ಹುಳ, ಜಂತು ಎಂದು ಅವಳಿಗೆ ಹೊಂದಿಕೆಯಾಗಿದೆ. ಅದೇ ಪದದಲ್ಲಿ ಹುಬ್ಬಿ ಮಳೆ ಬರುತ್ತದೆ. ಪಟ್ಟಣದವರು ಅದನ್ನು ಉಬ್ಬಿದ ಮಳೆ ಎಂದಾದರೂ ಹುಬ್ಬಳ್ಳಿ ಮಳೆ ಎಂದಾದರೂ ಕೇಳಿಸಿಕೊಳ್ಳುತ್ತಾರೆ. ಇಂಡಿಯ ಯಾವ ರೈತನನ್ನು ಬೇಕಾದರೂ ಕೇಳಿ, ಮಘಿ ಆದ ಮೇಲೆ ಹುಬ್ಬಿ, ಹುಬ್ಬಿ ಆದ ಮೇಲೆ ಉತ್ತರಿ ಎಂದು ಬೆರಳು ಮಡಚಿ ಎಣಿಸುತ್ತಾನೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನ ತನಕದ ಮಳೆ ಅದು. ಅದು ಹಿಡಿದರೆ ಬಿಳಿಜೋಳದ ಭೂಮಿಗೆ ಹಸಿ, ಮಣ್ಣಿನ ಮಾಳಿಗಿಗೆ ಕಂಟಕ. ಇಷ್ಟು ತಿಳಿದ ಮೇಲೆ ಶರೀಫರು ದೇಹವನ್ನು ಯಾಕೆ ಆ ಮನೆಗೆ ಹೋಲಿಸಿದರು, ಅಜ್ಞಾನವನ್ನು ಯಾಕೆ ಸೋರುವಿಕೆ ಅಂದರು, ಕತ್ತಲಲ್ಲಿ ಮೇಲೆ ಹತ್ತಲಾರದವನ ಅಸಹಾಯಕತೆ ಎಂಥದು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೋಡಗನ ಹಾಡಿನದು ಇನ್ನೊಂದು ತಮಾಷೆ. ಕೋಡಗ ಎಂದರೆ ಮಂಗ. ಮಂಗನನ್ನು ಕೋಳಿ ನುಂಗಿತು ಎಂಬುದು ಅರ್ಥ. ಅದನ್ನು ಕೊಡಗಿನ ಕೋಳಿ ಎಂದು ಹಾಡುವ ಸಣ್ಣ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮಡಿಕೇರಿಯಿಂದ ಬಂದ ಕೋಳಿ ಏನನ್ನೋ ನುಂಗಿತು ಎಂದು ಅವರ ಕಲ್ಪನೆ. ಆ ಪದದಲ್ಲಿ ಆಡು ಆನೆಯನ್ನು ನುಂಗುತ್ತದೆ, ಗೋಡೆ ಸುಣ್ಣವನ್ನು ನುಂಗುತ್ತದೆ, ಹೀಗೇ ಬೆಳೆಯುತ್ತ ಹೋಗಿ ಕೊನೆಗೆ ಗುರುವಿನ ಪಾದ ಹಾಡುವವನನ್ನೇ ನುಂಗಿಬಿಡುತ್ತದೆ. ಅಲ್ಲಮನ ಬೆಡಗಿನ ವಚನಗಳ ದಾರಿಯೇ ಇದು, ಕಬೀರನ ಉಲ್ಟಾ ಮಾತುಗಳ ದಾರಿಯೂ ಹೌದು. ಸೂಫಿಗಳು ಫನಾ ಎನ್ನುತ್ತಾರಲ್ಲ, ನಾನು ಎಂಬುದು ಅಳಿದು ಹೋಗುವುದು, ಅದನ್ನು ಶರೀಫರು ಕೋಳಿ ಮಂಗ ಹೇಳಿ ನಗಿಸುತ್ತ ನಗಿಸುತ್ತ ಮುಟ್ಟಿಸಿದ್ದಾರೆ. ಮಕ್ಕಳ ಹಾಡೆಂದು ನರ್ಸರಿಯಲ್ಲಿ ಕುಣಿಸುವುದಕ್ಕೆ ನನ್ನ ಆಕ್ಷೇಪ ಇಲ್ಲ, ಆದರೆ ಹೆಚ್ಚಿನ ಕಡೆ ಕೊನೆಯ ನುಡಿ ಬರುವ ಮೊದಲೇ ಚಪ್ಪಾಳೆ ಹೊಡೆದು ಮುಗಿಸಿಬಿಡುತ್ತಾರೆ.

ಇನ್ನು ಗೆಳೆಯನ ಆಕ್ಷೇಪಕ್ಕೆ ಗುರಿಯಾದ ಗುಡುಗುಡಿ. ಆ ಪದದಲ್ಲಿ ಮನಸ್ಸು ಒಂದು ಸಂಚಿ. ಎಲೆ ಅಡಿಕೆ ಇಡುವ ಅಜ್ಜಿಯರ ಸಂಚಿ ಕಂಡವರಿಗೆ ಇದು ತಿಳಿಯುತ್ತದೆ, ಕಾಣದವರು ಸಂಚು ಎಂದು ಕೇಳಿಸಿಕೊಂಡು ಏನೋ ಪಿತೂರಿ ಎನ್ನುತ್ತಾರೆ. ಆ ಸಂಚಿ ಬಿಚ್ಚಿ ಒಳಗಿರುವ ಮೋಹ ಎಂಬ ಸೊಪ್ಪನ್ನು ಕೊಚ್ಚಬೇಕು, ಚಿಲುಮೆಗೆ ಹಾಕಬೇಕು, ಮೇಲೆ ಬುದ್ಧಿಯ ಬೆಂಕಿ ಇಡಬೇಕು. ಉರಿದು ಬೂದಿಯಾಗುವುದು ಮೋಹ, ಹೊರಗೆ ಹೋಗುವುದು ಒಡಲೊಳಗಿನ ರೋಗ. ನಶೆ ಮಾಡು ಎಂದು ಹೇಳುವ ಹಾಡು ಹೀಗಿರುವುದಿಲ್ಲ. ಕಟ್ಟೆಯ ಮೇಲೆ ಹುಕ್ಕಾ ಎಳೆಯುತ್ತ ಕೂತವರಿಗೆ ಅವರ ಕೈಯಲ್ಲಿದ್ದ ವಸ್ತುವನ್ನೇ ಪಾಠ ಮಾಡಿ ತೋರಿಸಿದ ಮಾಸ್ತರಿಕೆ ಇದು. ಗಿಟಾರಿನ ಸದ್ದಿನಲ್ಲಿ ಪಲ್ಲವಿ ಮಾತ್ರ ಕಿವಿಗೆ ಬಿದ್ದು ನುಡಿಗಳು ಮುಳುಗಿದರೆ ಹಾಡು ತಲೆಕೆಳಗಾಗುತ್ತದೆ ಎಂಬ ಮಟ್ಟಿಗೆ ಗೆಳೆಯನ ಭಯ ಸರಿ. ಆದರೆ ಅದಕ್ಕೆ ಮದ್ದು ಹಾಡನ್ನು ಪಟ್ಟಿಯಿಂದ ತೆಗೆಯುವುದಲ್ಲ. ಹಾಡುವ ಮೊದಲು ಒಂದು ನಿಮಿಷ ನಿಂತು ನುಡಿಗಳ ಅರ್ಥ ಹೇಳಿ ಹಾಡಲಿ. ಗಿಟಾರ್ ಇರಲಿ, ನನಗೆ ಆ ಧಾಟಿ ಇಷ್ಟ.

ಮನೆಯ ಸಾಮಾನಿನಿಂದ ದೇವರ ಮಾತು ಹೇಳುವುದನ್ನು ಶರೀಫರಿಗಿಂತ ಮೊದಲೇ ನಮ್ಮ ಜಿಲ್ಲೆಯವರು ಮಾಡಿದ್ದಾರೆ. ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ಚಕ್ಕಿನಾಮಾ ಎಂಬ ದಖನಿ ಪದಗಳಿದ್ದವು. ಹೆಣ್ಣುಮಕ್ಕಳು ಬೀಸುವಾಗ ಹಾಡಲೆಂದು ಕಟ್ಟಿದವು. ಬೀಸುಕಲ್ಲಿನ ಗೂಟ, ಮೇಲಿನ ಕಲ್ಲು, ಕೆಳಗಿನ ಕಲ್ಲು ಎಲ್ಲವೂ ಅಲ್ಲಾಹನ ಜಿಕ್ರಿಗೆ ತಿರುಗುತ್ತವೆ. ಆ ಬೀಸುಕಲ್ಲು ಮತ್ತು ಶರೀಫರ ಗುಡುಗುಡಿ ಒಂದೇ ವಂಶದವು ಎಂದು ನನ್ನ ಅನ್ನಿಸಿಕೆ. ಹಾಗೆಯೇ ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಎಂಬ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಕೇಳಿ ಬರೆದುಕೊಂಡರು. 1931ರಲ್ಲಿ ಗರತಿಯ ಹಾಡು ಪುಸ್ತಕವಾಗಿ ಬಂದದ್ದು ಅವರಿಂದ. ಅವರು ಹೋಗಿ ಕೇಳದಿದ್ದರೆ ಅವು ಬೀಸುಕಲ್ಲುಗಳ ಜೊತೆಗೇ ಮೂಲೆ ಸೇರುತ್ತಿದ್ದವು.

ಇದನ್ನು ಹೇಳಲು ಕಾರಣ ಇದೆ. ಶರೀಫರ ಪದಗಳಲ್ಲಿ ಕ್ಯಾಸೆಟ್ಟಿಗೆ, ಸಿನಿಮಾಕ್ಕೆ, ಬ್ಯಾಂಡಿಗೆ ಬಂದವು ಕೆಲವು ಮಾತ್ರ. ಅವರು ಮೊಹರಮ್ಮಿಗೆಂದು ಕಟ್ಟಿದ ರಿವಾಯತ್ ಪದಗಳನ್ನು ನಮ್ಮ ವಯಸ್ಸಿನವರಲ್ಲಿ ಕೇಳಿದವರು ಎಷ್ಟು ಜನ? ಹಸನ್ ಹುಸೇನರ ಕಥೆ, ಕರ್ಬಲಾದ ಬಾಯಾರಿಕೆ ಅವುಗಳ ವಸ್ತು. ನಮ್ಮ ಹಳ್ಳಿಗಳಲ್ಲಿ ಅಲಾವಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಿಂದೂ ಮುಸ್ಲಿಂ ಎಲ್ಲರೂ ಕೂಡಿಯೇ ರಿವಾಯತ್ ಹಾಡುತ್ತಾರೆ. ಮುಸ್ಲಿಂ ಮನೆಯೇ ಇಲ್ಲದ ಊರುಗಳಲ್ಲೂ ಡೋಲಿ ಏಳುತ್ತದೆ. ರಿವಾಯತ್ ಎಂಬ ಅರಬ್ಬಿ ಮಾತಿಗೆ ಕೇಳಿದ್ದನ್ನು ಕೇಳಿದಂತೆ ಮುಂದಕ್ಕೆ ಹೇಳುವುದು ಎಂದು ಅರ್ಥ. ಹದೀಸ್ ಕಲಿಸುವಾಗ ನಮ್ಮ ಉಸ್ತಾದರು ಯಾರು ಯಾರಿಂದ ಕೇಳಿದರು ಎಂಬ ಸರಪಳಿಯನ್ನು ಮೊದಲು ಹೇಳಿಸುತ್ತಾರೆ. ಹಾಡನ್ನು ಹದೀಸಿನ ಪಕ್ಕದಲ್ಲಿ ಇಡುತ್ತಿಲ್ಲ, ತಪ್ಪು ತಿಳಿಯಬೇಡಿ. ಆದರೆ ಕೇಳಿಸಿಕೊಳ್ಳುವುದಕ್ಕೂ ಒಂದು ಶಿಸ್ತು ಇದೆ ಎಂಬುದನ್ನು ನಾನು ಕಲಿತದ್ದು ಅಲ್ಲಿಂದ.

ನಮ್ಮ ದಾದಾ ಸಿಂದಗಿ ತಾಲ್ಲೂಕಿನ ಹಳ್ಳಿಯಲ್ಲಿ ಇನ್ನೂ ರಿವಾಯತ್ ಹಾಡುತ್ತಾರೆ. ಅವರಿಗೆ ಕಲಿಸಿದವರು ಅದೇ ಊರಿನ ಒಬ್ಬ ಲಿಂಗಾಯತ ರೈತರು. ಆ ರೈತರಿಗೆ ಕಲಿಸಿದವರು ಕೃಷ್ಣೆಯ ಆಚೆಯಿಂದ ಬಂದ ಒಬ್ಬ ಭಜನೆ ಮಾಸ್ತರು. ಸರಪಳಿ ಅಲ್ಲಿಗೆ ನಿಲ್ಲುತ್ತದೆ. ಹೋದ ಮೊಹರಮ್ಮಿನಲ್ಲಿ ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಒಂದೊಂದೇ ಪದ ಬರೆಯುತ್ತ ಕೂತೆ. ಒಂದು ಕಡೆ ದಾದಾ ಪರಾತದ ನೀರು ಎಂದು ಹಾಡುತ್ತಾರೆ. ಪರಾತ ಎಂದರೆ ನಮ್ಮ ಕಡೆ ಹಿಟ್ಟು ನಾದುವ ದೊಡ್ಡ ತಾಟು. ಕರ್ಬಲಾದ ಬಯಲಿನಲ್ಲಿ ತಾಟು ಎಲ್ಲಿಂದ ಬಂತು? ನೋಡಿದರೆ ಅದು ಫುರಾತ್ ನದಿ, ಹುಸೇನರ ಮಕ್ಕಳಿಗೆ ಯಜೀದನ ಸೈನ್ಯ ಮುಟ್ಟಗೊಡದ ಆ ನದಿಯ ನೀರು. ಕೃಷ್ಣೆ, ಭೀಮೆ, ಡೋಣಿ ಬಿಟ್ಟು ಬೇರೆ ನದಿ ಕಾಣದ ಬಾಯಿಗಳಲ್ಲಿ ಫುರಾತ್ ತಿರುಗಿ ಪರಾತ ಆಗಿದೆ. ದಾದಾರಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನದಿಯಾದರೇನು, ಮುಂದೆ ಇಟ್ಟ ತಾಟಾದರೇನು, ಕೂಸುಗಳಿಗೆ ನೀರು ಕೊಡಲಿಲ್ಲವಲ್ಲ ಎಂದರು. ಮರುದಿನ ರಾತ್ರಿ ಮಾತ್ರ ಫುರಾತ್ ಎಂದೇ ಹಾಡಿದರು. ಜೊತೆಗೆ ಹಾಡುತ್ತಿದ್ದವರು ಪರಾತ ಎಂದೇ ಹಾಡಿದರು.

ಆ ಪದಕ್ಕೆ ಅಶ್ವತ್ಥರು ರಾಗ ಹಾಕಿಲ್ಲ, ಯಾವ ಬ್ಯಾಂಡೂ ಗಿಟಾರ್ ಹಿಡಿದಿಲ್ಲ. ದಾದಾ ಜೊತೆಗೆ ಹಾಡುವವರು ಮೊದಲು ಹನ್ನೆರಡು ಜನ ಇದ್ದರಂತೆ, ಈಗ ಐದು. ಐವರಲ್ಲಿ ಅರವತ್ತರ ಒಳಗಿನವರು ಒಬ್ಬರೇ. ಗುಡುಗುಡಿ ಹಾಡಿದ ಬ್ಯಾಂಡಿನ ಮೇಲೆ ಸಿಟ್ಟಾಗುವ ಹಿರಿಯರಿಗೆ ನಾನು ಹೇಳುವುದು ಇಷ್ಟೆ, ಅದನ್ನು ಹಾಡುವವರಿದ್ದಾರೆ, ಅದು ಉಳಿಯುತ್ತದೆ. ಚಿಂತೆ ಮಾಡಬೇಕಾದದ್ದು ಯಾರೂ ಮತ್ತೆ ಹಾಡದ ಪದಗಳ ಬಗ್ಗೆ. ಈ ಸಲದ ಗ್ಯಾದರಿಂಗಿನಲ್ಲಿ ಹತ್ತು ನಿಮಿಷ ರಿವಾಯತಿಗೆ ಕೊಡಿ ಎಂದು ಪ್ರಾಚಾರ್ಯರಿಗೆ ಅರ್ಜಿ ಬರೆದಿದ್ದೇನೆ. ಆಕ್ಷೇಪ ಎತ್ತಿದ ಗೆಳೆಯನೂ ಅದಕ್ಕೆ ಸಹಿ ಹಾಕಿದ್ದಾನೆ, ಗುಡುಗುಡಿಯ ಬಗ್ಗೆ ಅವನ ವಾದ ಇನ್ನೂ ಮುಗಿದಿಲ್ಲ.

ಶರೀಫರು 1889ರಲ್ಲಿ ಶಿಶುನಾಳದಲ್ಲೇ ತೀರಿಕೊಂಡರು, ಎಪ್ಪತ್ತು ವರ್ಷ ಆಗಿತ್ತು. ಗೋವಿಂದ ಭಟ್ಟರು ಅದಕ್ಕೂ ಮೊದಲೇ ಹೋಗಿದ್ದರು. ಮಣ್ಣು ಮಾಡುವಾಗ ಹಿಂದೂಗಳು ತಮ್ಮ ವಿಧಿ ಮಾಡಿದರು, ಮುಸ್ಲಿಮರು ಕುರಾನ್ ಓದಿದರು ಎಂದು ಹೇಳುತ್ತಾರೆ. ಗದ್ದಿಗೆ ಶಿಶುನಾಳದಲ್ಲಿದೆ, ಎರಡೂ ಕಡೆಯ ಜನ ಇಂದಿಗೂ ಹೋಗುತ್ತಾರೆ. ದಾದಾ ಇಷ್ಟು ವರ್ಷ ಅವರ ಪದ ಹಾಡಿದರೂ ಆ ಊರನ್ನು ಕಂಡಿಲ್ಲ. ಸಿಂದಗಿಯಿಂದ ಹುಬ್ಬಳ್ಳಿಗೆ ಬಸ್ಸು ಹಿಡಿದು, ಅಲ್ಲಿಂದ ಶಿಗ್ಗಾವಿ ದಾರಿಯಲ್ಲಿ ಹೋಗಬೇಕು. ಪರೀಕ್ಷೆ ಮುಗಿದ ವಾರವೇ ಅವರನ್ನು ಕರೆದುಕೊಂಡು ಹೊರಡುವುದೆಂದು ಗೊತ್ತು ಮಾಡಿದ್ದೇನೆ. ಮೊಬೈಲಿನ ಚಾರ್ಜರ್ ಮರೆಯಬಾರದು, ಅಲ್ಲಿಯ ಭಜನೆ ಮೇಳದವರು ಫುರಾತ್ ಎನ್ನುತ್ತಾರೋ ಪರಾತ ಎನ್ನುತ್ತಾರೋ ಕೇಳಬೇಕು.